ಲೇನಾ ನದಿಗೆ ಅಷ್ಟೊಂದು ನೀರು ಎಲ್ಲಿಂದ?

ಬಾಗೇಪಲ್ಲಿ ಬಯಲು:
ಸೈಬೀರಿಯಾದ ಲೇನಾ ನದಿ ಬಗ್ಗೆ ತಿಳಿದವರು ಇದ್ದೀರಾ? ಬೈಕಲ್ ಸರೋವರದ ಪಕ್ಕದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 4,300 ಕಿ.ಮೀ. ಹರಿದು ಲಾಪ್ಟೆವ್ ಸಮುದ್ರ ಸೇರುತ್ತದೆ. ಅದರ ದಡದ ಯಾಕುಟ್ಸ್ಕ್ ಊರಿಗೆ ಹಿಮವೂ ಸೇರಿ ವರ್ಷಕ್ಕೆ 240 ಮಿ.ಮೀ. ಆಸುಪಾಸು ಬೀಳುತ್ತದೆ ಅಷ್ಟೆ. ನಮ್ಮ ಜಿಲ್ಲೆಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಮಳೆ. ಆದರೂ ಅಲ್ಲಿ ಈ ದಡದಿಂದ ಆ ದಡಕ್ಕೆ ಕಿಲೋಮೀಟರ್‌ಗಟ್ಟಲೆ ನೀರು, ಇಲ್ಲಿ ಚಿತ್ರಾವತಿಯಲ್ಲಿ ವರ್ಷದ ಬಹುಪಾಲು ಬರೀ ಸೀಮೆ ಜಾಲಿ. ಇದು ಹೇಗೆ ಸಾಧ್ಯ?

ತುಮಕೂರು ಟೀಚರ್:
ಮೊದಲು ವಿಸ್ತೀರ್ಣ ನೋಡಿ ಸರ್. ಲೇನಾಗೆ ನೀರು ಹರಿದು ಬರುವ ಪ್ರದೇಶ ಸುಮಾರು 25 ಲಕ್ಷ ಚದರ ಕಿ.ಮೀ., ಅಂದರೆ 13 ಕರ್ನಾಟಕ. ನಮ್ಮ ದೇವರಾಯನದುರ್ಗದ ಜಯಮಂಗಲಿ, ನಿಮ್ಮ ಚಿತ್ರಾವತಿ, ಪಾಪಾಗ್ನಿ ಎಲ್ಲ ಸೇರುವ ಉತ್ತರ ಪಿನಾಕಿನಿಯದು ಪೂರ್ತಿ ಲೆಕ್ಕ ಹಾಕಿದರೂ 55 ಸಾವಿರ ಚದರ ಕಿ.ಮೀ.

ಆದರೆ ಅಸಲಿ ಕಾರಣ ನೆಲ. ಅಲ್ಲಿ ಬಹುತೇಕ ಕಡೆ ಕೆಳಗಿನ ಮಣ್ಣು ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ, ಪರ್ಮಾಫ್ರಾಸ್ಟ್ ಅಂತಾರಲ್ಲ, ಅದೇ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ. ನೀರು ಆಳಕ್ಕೆ ಇಳಿಯುವುದಿಲ್ಲ. ಚಳಿ ದೇಶ, ಹಾಗಾಗಿ ಆವಿಯಾಗಿ ಹೋಗುವುದೂ ಕಡಿಮೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಬಿದ್ದ ಹಿಮ ಅಲ್ಲೇ ಕೂತಿರುತ್ತದೆ, ಕರಗುವಾಗ ಕೆಲವೇ ವಾರಗಳಲ್ಲಿ ಅಷ್ಟೂ ನದಿಗೆ ಬರುತ್ತದೆ. ನಮ್ಮಲ್ಲಿ ಬಿದ್ದ ಮಳೆಯಲ್ಲಿ ಬಿಸಿಲು ಕುಡಿದು, ಬೆಳೆ ಕುಡಿದು, ಕೆರೆ ತುಂಬಿ ಉಳಿದರೆ ತಾನೇ ಹೊಳೆಗೆ?

ಮಾಲೂರು ಬೋರ್‌ವೆಲ್:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1828ರಲ್ಲಿ ಯಾಕುಟ್ಸ್ಕ್‌ನಲ್ಲಿ ಶೆರ್ಗಿನ್ ಎಂಬುವರು ನೀರಿಗಾಗಿ ಬಾವಿ ತೋಡಿಸಲು ಶುರು ಮಾಡಿದರು. 1837ರವರೆಗೂ ತೋಡಿಸಿದರು. 116 ಮೀಟರ್, ಅಂದರೆ 380 ಅಡಿ. ಹನಿ ನೀರಿಲ್ಲ, ತಳದವರೆಗೂ ಹೆಪ್ಪುಗಟ್ಟಿದ ಮಣ್ಣೇ! ಸಾವಿರ ಅಡಿ ಕೊರೆಸಿ ಧೂಳು ನೋಡಿದ ಕೋಲಾರದವರಿಗೆ ಆ ಮನುಷ್ಯನ ಸಂಕಟ ಅರ್ಥ ಆಗುತ್ತದೆ. ಆಮೇಲೆ ವಿಜ್ಞಾನಿಗಳು ಅದೇ ಬಾವಿಯಲ್ಲಿ ನೆಲದ ಉಷ್ಣಾಂಶ ಅಳೆದರು. ಆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ನದಿ, ಕೆರೆಗಳ ಮಂಜುಗಡ್ಡೆಯನ್ನು ದಿಮ್ಮಿಗಳಾಗಿ ಕೊಯ್ದು ತಂದು ಇಟ್ಟುಕೊಂಡು, ಬೇಕಾದಷ್ಟು ಕರಗಿಸಿ ಕುಡಿಯುತ್ತಾರೆ.

ಬಾಗೇಪಲ್ಲಿ ಬಯಲು:
ಇಬ್ಬರಿಗೂ ಥ್ಯಾಂಕ್ಸ್. ಉಪನದಿಗಳಲ್ಲಿ ವಿಲ್ಯುಯ್ ದೊಡ್ಡದು ಅಲ್ವಾ? ಮ್ಯಾಪ್‌ನಲ್ಲಿ ಅದೇ ಉದ್ದ ಕಾಣುತ್ತದೆ.

ತುಮಕೂರು ಟೀಚರ್:
ಉದ್ದದಲ್ಲಿ ಹೌದು, ಸುಮಾರು 2,650 ಕಿ.ಮೀ. ಆದರೆ ನೀರು ಜಾಸ್ತಿ ತರುವುದು ಆಲ್ಡಾನ್. ವಿಲ್ಯುಯ್ ಎಡಗಡೆಯ ತಗ್ಗು ಪ್ರಸ್ಥಭೂಮಿಯಿಂದ ಬರುತ್ತದೆ, ಅಲ್ಲಿ ಮಳೆ ಕಡಿಮೆ, ಮೇಲೆ ಅಣೆಕಟ್ಟೂ ಇದೆ. ಆಲ್ಡಾನ್ ಬಲಗಡೆಯ ಬೆಟ್ಟಸಾಲಿನದು. ವಿಟಿಮ್, ಒಲ್ಯೋಕ್ಮಾ ಕೂಡ ಬಲಗಡೆಯವೇ. ಸುಮ್ನೆ ಉದ್ದ ನೋಡಿ ನದಿ ಅಳೆಯಬೇಡಿ, ಯಾವ ಬೆಟ್ಟದಿಂದ ಇಳಿಯುತ್ತದೆ ನೋಡಿ. ಮಕ್ಕಳಿಗೂ ನಾನು ಇದನ್ನೇ ಹೇಳುವುದು.

ಗೌರಿಬಿದನೂರು ಗಾಳಿ:
ಯಾರೂ ಪ್ರವಾಹದ ವಿಷಯ ಎತ್ತಲೇ ಇಲ್ಲ. ನದಿ ಹರಿಯುವುದು ಉತ್ತರಕ್ಕೆ. ದಕ್ಷಿಣದಲ್ಲಿ ಮೊದಲು ಕರಗುತ್ತದೆ, ಮುಂದೆ ಉತ್ತರದ ಕಡೆ ಇನ್ನೂ ಮಂಜುಗಡ್ಡೆ ಗಟ್ಟಿಯಾಗಿ ಕೂತಿರುತ್ತದೆ. ಮೇಲಿನಿಂದ ತೇಲಿ ಬಂದ ಚಪ್ಪಡಿಗಳು ತಿರುವಿನಲ್ಲೋ ನಡುಗಡ್ಡೆಯಲ್ಲೋ ಸಿಕ್ಕಿಕೊಂಡರೆ ಅದೇ ಕಟ್ಟೆಯಾಗಿ, ಹಿಂದೆ ನೀರು ಊರಿಗೆ ನುಗ್ಗುತ್ತದೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಹೀಗೇ ಮುಳುಗಿತು. ಮಂಜುಗಡ್ಡೆ ಒಡೆಯಲು ಯುದ್ಧವಿಮಾನಗಳಿಂದ ಬಾಂಬ್ ಹಾಕಿಸಿದರೂ ಊರು ಉಳಿಯಲಿಲ್ಲ, ಸಾವಿರಾರು ಮನೆ ಹಾಳಾದವು. ಮೇ ತಿಂಗಳ ಸ್ಯಾಟಲೈಟ್ ಚಿತ್ರ ಸಿಕ್ಕರೆ ನೋಡಿ ಸರ್, ಒಂದೇ ನದಿ, ದಕ್ಷಿಣದಲ್ಲಿ ಕಂದು ನೀರು, ಉತ್ತರದಲ್ಲಿ ಬಿಳಿ ಮಂಜುಗಡ್ಡೆ ಕಾಣುತ್ತದೆ. ಮುಖಜ ಭೂಮಿ ತಲುಪಿ ಸಮುದ್ರಕ್ಕೆ ದಾರಿ ಬಿಡುವಷ್ಟರಲ್ಲಿ ಜೂನ್ ಬಂದಿರುತ್ತದೆ.