32 ಸಾವಿರ ಕಿ.ಮೀ.ಗೇ ಬ್ರೇಕ್ ಡಿಸ್ಕ್ ಹೋಗುತ್ತಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆಯಿಂದ): ನಮಸ್ಕಾರ ಸರ್. ನನ್ನದು ಮ್ಯಾನುಯಲ್ ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರು ವರ್ಷ ಆಯಿತು, 32 ಸಾವಿರ ಕಿ.ಮೀ. ಓಡಿದೆ. ವಾರಕ್ಕೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಘಾಟಿಯಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಸರ್ವಿಸ್‌ಗೆ ಬಿಟ್ಟರೆ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಬದಲಾಯಿಸಬೇಕು ಅಂದರು. ಒಂಬತ್ತು ಸಾವಿರದ ಮೇಲೆ ಎಸ್ಟಿಮೇಟ್. ಯಾಕೆ ಸವೆಯಿತು ಅಂತ ಕೇಳಿದರೆ ‘ಘಾಟಿ ಗಾಡಿ ಅಲ್ವಾ ಸರ್’ ಅಂದು ಸುಮ್ಮನಾದರು. ಹಳೇ ಕಾರನ್ನು ಇದೇ ರಸ್ತೆಯಲ್ಲಿ 80 ಸಾವಿರ ಓಡಿಸಿದ್ದೆ, ಡಿಸ್ಕ್ ಮುಟ್ಟಿರಲಿಲ್ಲ. ಇನ್ನೊಂದು ವಿಷಯ, ಎಡಗಡೆ ಮುಂದಿನ ಚಕ್ರದ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂರುತ್ತದೆ.

ಉತ್ತರ: ಸರ್, ಆ ಕಪ್ಪು ಪುಡಿಯನ್ನು ಮೊದಲೇ ಹೇಳಬೇಕಿತ್ತು! ಘಾಟಿಯೇ ಕಾರಣ ಆಗಿದ್ದರೆ ಎಡ, ಬಲ ಎರಡೂ ಹೆಚ್ಚುಕಮ್ಮಿ ಒಂದೇ ಥರ ಸವೆಯಬೇಕು. ಒಂದೇ ಕಡೆ ಪುಡಿ ಅಂದರೆ ಅಲ್ಲಿ ಪ್ಯಾಡ್ ಬಿಡದೆ ಉಜ್ಜುತ್ತಿದೆ. ನನ್ನ ಅನುಮಾನ ಕ್ಯಾಲಿಪರ್ ಪಿನ್ ಮೇಲೆ. ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ಮಧ್ಯೆ ಅದುಮಿ ಹಿಡಿಯುವ ಇಕ್ಕಳ.

ನಿಮ್ಮಂಥ ಗಾಡಿಯಲ್ಲಿ ಕ್ಯಾಲಿಪರ್ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪೆಡಲ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಕಿರುಬೆರಳಿನಷ್ಟು ಇರುತ್ತದೆ, ಅದಕ್ಕೊಂದು ಸಣ್ಣ ರಬ್ಬರ್ ಬೂಟು. ರಬ್ಬರ್ ಹರಿದರೆ ಮಳೆನೀರು, ಕೆಸರು ಒಳಗೆ ಹೋಗಿ ಗ್ರೀಸ್ ಒಣಗುತ್ತದೆ, ತುಕ್ಕು ಹಿಡಿಯುತ್ತದೆ, ಪಿನ್ ಜಾಮ್. ಆಮೇಲೆ ನೀವು ಪೆಡಲ್ ಬಿಟ್ಟರೂ ಪ್ಯಾಡ್ ಪೂರ್ತಿ ಬಿಡುವುದಿಲ್ಲ. ಮಲೆನಾಡಿನ ಮೂರು ಮಳೆಗಾಲಕ್ಕೆ ಇದು ಆರಾಮಾಗಿ ಆಗುತ್ತದೆ.

ಸುಮ್ನೆ ಒಂದು ಪರೀಕ್ಷೆ ಮಾಡಿ. ಸಮತಟ್ಟು ರಸ್ತೆಯಲ್ಲಿ, ಖಾಲಿ ಹೊತ್ತಿನಲ್ಲಿ, ಆದಷ್ಟು ಬ್ರೇಕ್ ಒತ್ತದೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸಿ. ಎರಡೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಬೊಬ್ಬೆ ಬಂದೀತು. ಎಡಗಡೆ ಒಲೆ ಮುಂದೆ ಕೂತ ಹಾಗೆ ಆದರೆ ವಿಷಯ ಅಲ್ಲೇ ಮುಗಿಯಿತು.

ಸ್ಟೀರಿಂಗ್ ನಡುಕಕ್ಕೆ ಎಲ್ಲರೂ ‘ಡಿಸ್ಕ್ ಬೆಂಡ್ ಆಗಿದೆ’ ಅಂತಾರೆ. ನಾನು ನೋಡಿದ್ದರಲ್ಲಿ ನಿಜವಾಗಿ ಬೆಂಡ್ ಆಗಿದ್ದು ಕಮ್ಮಿ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ, ಅಷ್ಟೇ. ಕೂದಲಿನ ದಪ್ಪದಲ್ಲಿ ಕಾಲು ಭಾಗದಷ್ಟು ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗುತ್ತದೆ.

ಬಿಲ್ ಕಟ್ಟುವ ಮೊದಲು ಅಳತೆ ಕೇಳಿ. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಉದಾಹರಣೆಗೆ ಹೊಸದು 22 ಮಿ.ಮೀ. ಇದ್ದರೆ ಕೊನೆ 20. ನೆನಪಿರಲಿ, ಡಿಸ್ಕಿನ ಹೊರ ಅಂಚು ಸವೆಯದೆ ದಿಬ್ಬದ ಹಾಗೆ ಉಳಿದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ನೇರ ಹಿಡಿದರೆ ಆ ದಿಬ್ಬದ ಅಳತೆ ಬಂದು ಹಾಳಾದ ಡಿಸ್ಕೂ ‘ಪಾಸ್’ ಆಗುತ್ತದೆ. ನಾನು ಎರಡೂ ಮೈಗೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಅಳೆಯುತ್ತೇನೆ, ಆಮೇಲೆ ನಾಣ್ಯಗಳ ದಪ್ಪ ಕಳೆಯುತ್ತೇನೆ. ಮೈಕ್ರೋಮೀಟರ್ ಇದ್ದರೆ ಈ ಸರ್ಕಸ್ ಬೇಡ.

ಪ್ರಶ್ನೆ (ಸುರತ್ಕಲ್‌ನಿಂದ): ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಕಾರು ಓಡುವುದೇ ಕಮ್ಮಿ. ಮಳೆಗಾಲದಲ್ಲಿ ಡಿಸ್ಕ್ ಪೂರ್ತಿ ಕೆಂಪಾಗಿರುತ್ತದೆ. ಹೀಗೇ ಬಿಟ್ಟರೆ ಹಾಳಾಗುತ್ತಾ? ಲೇತ್‌ನಲ್ಲಿ ಕೊಟ್ಟು ನೈಸ್ ಮಾಡಿಸಿ ಅಂತ ಗ್ಯಾರೇಜಿನವರು ಹೇಳ್ತಾರೆ.

ಉತ್ತರ: ಮೇಡಂ, ಡಿಸ್ಕ್ ಎರಕದ ಕಬ್ಬಿಣ. ರಾತ್ರಿ ಮಳೆ ಬಂದರೆ ಬೆಳಗ್ಗೆ ಕೆಂಪಾಗುವುದು ಸಹಜ, ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ವಾರಗಟ್ಟಲೆ ನಿಂತರೆ ಮಾತ್ರ ತೊಂದರೆ. ಕಡಲ ಗಾಳಿಯ ಉಪ್ಪು ಬೇರೆ ಸೇರಿ ಮೈಯಲ್ಲಿ ಗುಂಡಿ ಬೀಳುತ್ತದೆ, ಅದು ಪ್ಯಾಡನ್ನೂ ತಿನ್ನುತ್ತದೆ. ವಾರಕ್ಕೆರಡು ಸಲ ಹತ್ತು ಕಿ.ಮೀ. ಓಡಿಸಿ. ಕಾರು ತೊಳೆದ ತಕ್ಷಣ ನಿಲ್ಲಿಸಿಬಿಡಬೇಡಿ, ಒಂದು ಸುತ್ತು ಹೋಗಿ ಬ್ರೇಕ್ ಒಣಗಿಸಿ. ಲೇತ್ ಕೆಲಸ ತಪ್ಪಲ್ಲ, ಆದರೆ ಲೇತ್ ಅಂದರೆ ಇನ್ನಷ್ಟು ಕೆರೆಯುವುದು. ಕೆರೆದ ಮೇಲೂ ಕನಿಷ್ಠಕ್ಕಿಂತ ದಪ್ಪ ಉಳಿಯುವುದಾದರೆ ಮಾತ್ರ ಕೊಡಿ.

ಪ್ರಶ್ನೆ (ಮೂಡಿಗೆರೆ, ಮೂರು ದಿನದ ನಂತರ): ಸರ್, ನೀವು ಹೇಳಿದ್ದು ಸರಿ. ಪರಿಚಯದ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ಎಡಗಡೆ ಕೆಳಗಿನ ಪಿನ್ ಸುತ್ತಿಗೆ ಪೆಟ್ಟಿಗೇ ಹೊರಬಂದಿದ್ದು, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಳಗಿನ ಪ್ಯಾಡ್ ತಗಡು ಕಾಣುವಷ್ಟು ಸವೆದಿದೆ, ಹೊರಗಿನದು ಅರ್ಧ ಇದೆ. ಡಿಸ್ಕಿನ ದಪ್ಪ ಎಡಕ್ಕೆ 19.6 ಮಿ.ಮೀ., ಬಲಕ್ಕೆ 21.2. ಕನಿಷ್ಠ 20 ಅಂತ ಇದೆ. ಎಡಗಡೆ ಒಂದೇ ಹಾಕಿಸಿದರೆ ಸಾಲದಾ?

ಉತ್ತರ: ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಜೋಡಿಯಾಗಿಯೇ ಹಾಕಿಸಿ, ಪ್ಯಾಡೂ ಹೊಸದೇ ಇರಲಿ. ಒಂದು ಕಡೆ ಹೊಸ ಮೈ, ಇನ್ನೊಂದು ಕಡೆ ಹಳೇ ಮೈ ಇದ್ದರೆ ಎರಡೂ ಒಂದೇ ಥರ ಹಿಡಿಯುವುದಿಲ್ಲ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಗಾಡಿ ಒಂದು ಕಡೆ ಎಳೆದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸರ್ವಿಸ್‌ನವರು ಬದಲಾಯಿಸಿ ಅಂದಿದ್ದರಲ್ಲಿ ತಪ್ಪಿರಲಿಲ್ಲ. ಪಿನ್ ನೋಡದೆ ಹೊಸ ಡಿಸ್ಕ್ ಹಾಕಿ ಕಳಿಸಿದ್ದರೆ ಮಾತ್ರ ಇನ್ನೊಂದು ವರ್ಷಕ್ಕೆ ಅದೇ ಕಥೆ ಆಗುತ್ತಿತ್ತು.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಎಡಗಡೆಗೆ ಪಿನ್, ಬೂಟು ಎರಡೂ ಹೊಸದು. ಅದಕ್ಕೆ ಬ್ರೇಕಿನದೇ ಸಿಲಿಕೋನ್ ಗ್ರೀಸ್ ಬೇಕು. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಜಾಮ್. ಪಿಸ್ಟನ್ ಕೂಡ ಸಲೀಸಾಗಿ ಒಳಗೆ ಹೋಗುತ್ತದಾ ನೋಡಿ. ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ಇಲ್ಲದಿದ್ದರೆ ಹೊಸ ಡಿಸ್ಕೂ ಸೊಟ್ಟ ಕೂತು ನಡುಗುತ್ತದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಕು. ಚಕ್ರದ ನಟ್ಟನ್ನು ಗಾಳಿ ಗನ್ನಿನಲ್ಲಿ ಟರ್ರ್ ಅನ್ನಿಸಿ ಬಿಟ್ಟರೆ ಒಪ್ಪಬೇಡಿ, ಕೊನೆಗೆ ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಹಾಕಲಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ.

ಆಮೇಲೆ ಹೊಸ ಡಿಸ್ಕ್, ಪ್ಯಾಡ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ವೇಗವನ್ನು 60ರಿಂದ 30ಕ್ಕೆ, ಮೆತ್ತಗೆ, ಹತ್ತು ಸಲ ಇಳಿಸಿ. ಮಧ್ಯೆ ಮಧ್ಯೆ ಆರಲು ಬಿಡಿ. ಬಿಸಿ ಇರುವಾಗ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಡಿ. ಘಾಟಿ ಇಳಿಯುವಾಗ, ಹತ್ತುವಾಗ ಯಾವ ಗೇರೋ ಅದೇ ಗೇರು. ನ್ಯೂಟ್ರಲ್ ಮಾತ್ರ ಯಾವತ್ತೂ ಬೇಡ. 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಅಂಗೈ ಹಿಡಿದು ನೋಡಿ, ಎಡ ಬಲ ಒಂದೇ ಬಿಸಿ ಇದೆಯಾ ಅಂತ ಇಲ್ಲಿ ಒಂದು ಸಾಲು ಹಾಕಿ.