ವಿಕಲಚೇತನ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇರುವ ಕಾಲೇಜಿನಲ್ಲಿ ಕ್ರೀಡಾ ಚಟುವಟಿಕೆಯನ್ನು ಹೇಗೆ ಆರಂಭಿಸಬೇಕು?

ಪ್ರಶ್ನೆ: ದೈಹಿಕ ಶಿಕ್ಷಣ ಉಪನ್ಯಾಸಕ

ನಮಸ್ಕಾರ. ನಾನು ಕಾಲೇಜೊಂದರ ದೈಹಿಕ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ವಿದ್ಯಾರ್ಥಿಗಳ ಪೈಕಿ ಇಬ್ಬರು ಗಾಲಿಕುರ್ಚಿ ಬಳಸುತ್ತಾರೆ, ಮೂವರಿಗೆ ದೃಷ್ಟಿದೋಷವಿದೆ, ಒಬ್ಬನಿಗೆ ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಕಾಲುಗಳ ಮೇಲೆ ಹಿಡಿತ ಕಡಿಮೆ. ಇವರಿಗೆಲ್ಲ ಕ್ರೀಡಾ ಅವಧಿಯಿಂದ ವಿನಾಯಿತಿ ಕೊಡುವುದು, ಹೆಚ್ಚೆಂದರೆ ಅಂಕ ಬರೆದುಕೊಳ್ಳುವ ಕೆಲಸ ವಹಿಸುವುದು ನಡೆದುಬಂದ ರೂಢಿ. ಅದನ್ನು ಸೌಜನ್ಯವೆಂದೇ ಎಲ್ಲರೂ ಭಾವಿಸಿದ್ದಾರೆ. ಆದರೆ ಉಳಿದವರು ಮೈದಾನದಲ್ಲಿರುವಾಗ ಇವರು ಗ್ರಂಥಾಲಯದಲ್ಲಿ ಹೊತ್ತು ಕಳೆಯುವುದನ್ನು ಕಂಡು ನನಗೆ ಸಮಾಧಾನವಿಲ್ಲ. ಯಾವ ಆಟಕ್ಕೂ ಪೂರ್ಣ ತಂಡ ಕಟ್ಟುವಷ್ಟು ಸಂಖ್ಯೆಯಿಲ್ಲ, ಕ್ರೀಡಾ ಗಾಲಿಕುರ್ಚಿಗಳನ್ನು ಕೊಳ್ಳಲು ಸದ್ಯಕ್ಕೆ ಹಣವೂ ಇಲ್ಲ. ವರ್ಷಕ್ಕೊಮ್ಮೆ ವಿಶೇಷ ಕ್ರೀಡಾದಿನ ನಡೆಸಿದರೆ ಸಾಕೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಇಂಥ ಸ್ಥಿತಿಯಲ್ಲಿ ಎಲ್ಲಿಂದ ಆರಂಭಿಸುವುದು ಸರಿ?

ಉತ್ತರ: ತರಬೇತುದಾರ

ಸರ್, ಕ್ರೀಡಾದಿನ ಬೇಡವೆನ್ನುವುದಿಲ್ಲ, ಆದರೆ ಅದರಿಂದಲೇ ಆರಂಭಿಸಬೇಡಿ. ಒಂದು ದಿನ ಓಡಿಸಿ, ಪದಕ ಹಾಕಿ, ಛಾಯಾಚಿತ್ರ ತೆಗೆದು ಕಳುಹಿಸಿದರೆ ಆ ವಿದ್ಯಾರ್ಥಿಗೆ ಆಟ ಬರುವುದಿಲ್ಲ. ಆಟ ಬರುವುದು ವಾರವಾರವೂ ಆಡಿದಾಗ. ಈ ಕ್ಷೇತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1948ರ ಜುಲೈ 29ರಂದು ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಏರ್ಪಡಿಸಿದ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಇದ್ದವರು ಕೇವಲ 16 ಮಂದಿ. ಬೆನ್ನುಹುರಿಗೆ ಪೆಟ್ಟು ಬಿದ್ದವರ ಚಿಕಿತ್ಸೆಯಲ್ಲಿ ಆಟವನ್ನು ನಿತ್ಯದ ಭಾಗವಾಗಿಸಿದ್ದರ ಫಲ ಅದು. ಅಲ್ಲಿಂದ ಬೆಳೆದ ಪರಂಪರೆ 1960ರಲ್ಲಿ ರೋಮ್ ನಗರದ ಮೊದಲ ಪ್ಯಾರಾಲಿಂಪಿಕ್ಸ್‌ವರೆಗೆ ಬಂತು. ಕಾಲೇಜುಗಳ ಮಟ್ಟದಲ್ಲಿ ದಾರಿ ತೋರಿಸಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ. ಎರಡನೇ ಮಹಾಯುದ್ಧದಿಂದ ಮರಳಿದ ಗಾಯಾಳು ಸೈನಿಕರು ವಿದ್ಯಾರ್ಥಿಗಳಾಗಿ ಸೇರಿದಾಗ, ಅಲ್ಲಿನ ಪುನರ್ವಸತಿ ಕಾರ್ಯಕ್ರಮದ ಮುಖ್ಯಸ್ಥ ತಿಮೊಥಿ ನ್ಯೂಜೆಂಟ್ ಅವರಿಗಾಗಿ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕಟ್ಟಿದರು.

ನಿಮ್ಮಲ್ಲಿರುವ ಸಂಖ್ಯೆಗೆ ಗೋಲ್‌ಬಾಲ್ ಹೇಳಿಮಾಡಿಸಿದ ಆಟವೆಂದು ನನಗೆ ತೋರುತ್ತದೆ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಈ ಆಟದಲ್ಲಿ ತಂಡಕ್ಕೆ ಮೂವರು ಸಾಕು. ಚೆಂಡನ್ನು ಎದುರಾಳಿಯ ಗೋಲಿಗೆ ಉರುಳಿಸುವುದು, ಅವರು ಉರುಳಿಸಿದ್ದನ್ನು ಸದ್ದು ಕೇಳಿ ಮೈಯಿಂದ ತಡೆಯುವುದು, ಇಷ್ಟೇ ಆಟ. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ. ಒಳಗೆ ಗೆಜ್ಜೆಗಳಿರುವ, 1.25 ಕಿಲೋ ತೂಕದ ಚೆಂಡು. ಗೆರೆಗಳ ಕೆಳಗೆ ದಾರವಿಟ್ಟು ಟೇಪ್ ಅಂಟಿಸಿದರೆ ಆಟಗಾರರು ತಮ್ಮ ಸ್ಥಾನವನ್ನು ಕೈಯಿಂದಲೇ ಮುಟ್ಟಿ ಅರಿಯುತ್ತಾರೆ. ಎಲ್ಲರೂ ಕಣ್ಣುಪಟ್ಟಿ ಕಟ್ಟಿಕೊಳ್ಳಲೇಬೇಕಾದ್ದರಿಂದ, ನಿಮ್ಮ ಮೂವರ ಎದುರಿಗೆ ಕಣ್ಣು ಕಾಣುವ ಮೂವರನ್ನು ಧಾರಾಳವಾಗಿ ನಿಲ್ಲಿಸಬಹುದು. ಆರಂಭದ ವಾರಗಳಲ್ಲಿ ಗೆಲ್ಲುವವರು ಯಾರೆಂಬುದನ್ನು ನೀವೇ ನೋಡುವಿರಿ. ಚೆಂಡು ಉರುಳುವಾಗ ಸಭಾಂಗಣ ಸಂಪೂರ್ಣ ನಿಶ್ಶಬ್ದವಾಗಿರಬೇಕು ಎಂಬುದೊಂದನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿಡಿ.

ಸೆರೆಬ್ರಲ್ ಪಾಲ್ಸಿ ಇರುವ ಹುಡುಗನಿಗೆ ಬೋಚಾ ಕಲಿಸಿ. ಬಿಳಿಯ ಗುರಿಚೆಂಡಿನ ಸಮೀಪಕ್ಕೆ ತನ್ನ ಆರು ಚೆಂಡುಗಳನ್ನು ತಲುಪಿಸುವ ಆಟವಿದು. ಎಸೆಯಲು ಆಗದವರು ಇಳಿಜಾರು ಹಲಗೆಯ ಮೇಲಿಂದ ಉರುಳಿಸಬಹುದು. ನೋಡಲು ಸರಳವೆನಿಸಿದರೂ ಎದುರಾಳಿಯ ಚೆಂಡನ್ನು ಸರಿಸಬೇಕೋ ತನ್ನದಕ್ಕೆ ದಾರಿ ಮಾಡಬೇಕೋ ಎಂಬ ಲೆಕ್ಕಾಚಾರ ಇದರಲ್ಲಿ ಬಹಳ ಆಳವಾದದ್ದು.

ಉತ್ತರ: ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ

ಮೊದಲು ಆ ಆರು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು, ಅವರಿಗೆ ಏನು ಬೇಕೆಂದು ಕೇಳಿ. ಗಾಲಿಕುರ್ಚಿ ಬಳಸುವವರೆಲ್ಲರಿಗೂ ಬ್ಯಾಸ್ಕೆಟ್‌ಬಾಲ್ ಇಷ್ಟವಾಗಬೇಕೆಂದಿಲ್ಲ. ಒಬ್ಬರಿಗೆ ಈಜು ಬೇಕಿರಬಹುದು, ಇನ್ನೊಬ್ಬರಿಗೆ ಟೇಬಲ್ ಟೆನಿಸ್ ಸಾಕಿರಬಹುದು.

ಬ್ಯಾಸ್ಕೆಟ್‌ಬಾಲ್ ಬೇಕೆಂದರೆ, ಇಬ್ಬರೇ ಇದ್ದಾರೆಂದು ಕೈಬಿಡಬೇಡಿ. ಅವರ ಸ್ನೇಹಿತರೂ ಗಾಲಿಕುರ್ಚಿಯಲ್ಲಿ ಕುಳಿತು ಆಡಲಿ. ಕೆನಡಾದ ದೇಶೀಯ ಪಂದ್ಯಗಳಲ್ಲಿ ವೈಕಲ್ಯವಿಲ್ಲದವರೂ ಹೀಗೆ ಆಡುತ್ತಾರೆ. ಪ್ರತಿ ಆಟಗಾರರಿಗೂ ದೇಹದ ಚಲನಶಕ್ತಿಗೆ ತಕ್ಕಂತೆ 1.0ರಿಂದ 4.5ರವರೆಗೆ ಅಂಕ ನೀಡುವ (ವೈಕಲ್ಯ ಹೆಚ್ಚಿದ್ದಷ್ಟೂ ಅಂಕ ಕಡಿಮೆ) ಪದ್ಧತಿಯಿದ್ದು, ಅಂತರರಾಷ್ಟ್ರೀಯ ನಿಯಮದಂತೆ ಅಂಕಣದಲ್ಲಿರುವ ಐವರ ಮೊತ್ತ 14ನ್ನು ಮೀರುವಂತಿಲ್ಲ. ಆದ್ದರಿಂದ ಹೆಚ್ಚು ವೈಕಲ್ಯವಿರುವ ಆಟಗಾರರು ತಂಡಕ್ಕೆ ಹೊರೆಯಲ್ಲ, ಅನಿವಾರ್ಯ. ಬುಟ್ಟಿಯ ಎತ್ತರ ಮಾತ್ರ ಎಲ್ಲರಿಗೂ ಇರುವ ಅದೇ 3.05 ಮೀಟರ್.

ಒಂದು ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ವಿದ್ಯಾರ್ಥಿ ದಿನವೂ ಬಳಸುವ ಕುರ್ಚಿಯನ್ನು ಡಿಕ್ಕಿ ಹೊಡೆಯುವ ಆಟಕ್ಕೆ ಬಳಸಬೇಡಿ. ಕ್ರೀಡಾ ಗಾಲಿಕುರ್ಚಿಯ ಚಕ್ರಗಳು ಕೆಳಗೆ ಅಗಲವಾಗಿ ವಾಲಿರುತ್ತವೆ, ಹಿಂದಕ್ಕೆ ಮಗುಚದಂತೆ ಪುಟ್ಟ ಚಕ್ರವಿರುತ್ತದೆ. ದಿನಬಳಕೆಯ ಎಷ್ಟೋ ಕುರ್ಚಿಗಳಿಗೆ ಇವೆರಡೂ ಇರುವುದಿಲ್ಲ. ಅದು ಮುರಿದರೆ ಮರುದಿನ ತರಗತಿಗೆ ಬರುವುದೇ ನಿಂತುಹೋಗುತ್ತದೆ. ಕ್ರೀಡಾ ಕುರ್ಚಿಗಳು ಬರುವವರೆಗೆ ಗುರಿಯಿಟ್ಟು ಎಸೆಯುವುದು, ಪಾಸ್ ಕೊಡುವುದು ಇಷ್ಟನ್ನೇ ಅಭ್ಯಾಸ ಮಾಡಿಸಿ.

ಇನ್ನೊಂದು ಮಾತು: ಬಟ್ಟೆ ಬದಲಿಸುವ ಕೋಣೆಗೂ ಶೌಚಾಲಯಕ್ಕೂ ಕುರ್ಚಿ ಹೋಗುತ್ತದೆಯೇ ಎಂದು ಇಂದೇ ಅಳೆದು ನೋಡಿ. ಬಹಳ ಹುಡುಗಿಯರು ಆಟ ಬಿಡುವುದು ಅಲ್ಲಿಯೇ.

ಉತ್ತರ: ಫಿಸಿಯೋಥೆರಪಿಸ್ಟ್

ಬೆನ್ನುಹುರಿಗೆ ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಆಡುವಾಗ ಎರಡು ಸಂಗತಿ ತಿಳಿದಿರಲಿ. ಗಾಯದ ಮಟ್ಟಕ್ಕಿಂತ ಕೆಳಗೆ ಬೆವರು ಸರಿಯಾಗಿ ಬಾರದ ಕಾರಣ ಬಿಸಿಲಿನಲ್ಲಿ ಮೈ ಬೇಗ ಕಾಯುತ್ತದೆ. ನೆರಳು, ನೀರು ಚಿಮುಕಿಸುವ ವ್ಯವಸ್ಥೆ ಬೇಕು. ತಲೆ ಸಿಡಿಯುವಷ್ಟು ನೋವು ದಿಢೀರನೆ ಬಂದು ಮುಖ ಕೆಂಪೇರಿದರೆ ಅದು ರಕ್ತದೊತ್ತಡ ಅಪಾಯಕಾರಿಯಾಗಿ ಏರಿದುದರ ಲಕ್ಷಣ. ತುಂಬಿದ ಮೂತ್ರಕೋಶ ಇದಕ್ಕೆ ಸಾಮಾನ್ಯ ಕಾರಣ. ಅವರನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಗಿಯಾದ ಪಟ್ಟಿಗಳನ್ನು ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಕೂಡಲೇ ವೈದ್ಯಕೀಯ ನೆರವು ಕರೆಯಿರಿ.

ಆದರೆ ಇದನ್ನೆಲ್ಲ ಓದಿ ಹೆದರಿ ಮತ್ತೆ ವಿನಾಯಿತಿ ಪತ್ರಕ್ಕೆ ಮರಳಬೇಡಿ. ತಮ್ಮ ದೇಹದ ಎಚ್ಚರಿಕೆಗಳು ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಚೆನ್ನಾಗಿ ಗೊತ್ತಿರುತ್ತವೆ.

ಮರುಪ್ರಶ್ನೆ: ದೈಹಿಕ ಶಿಕ್ಷಣ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಆಡಳಿತ ಮಂಡಳಿಯವರು ಇದನ್ನು ದಾನಧರ್ಮದ ಕೆಲಸವೆಂದು ನೋಡುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ತರಬೇತುದಾರ

ಇದು ಹಕ್ಕಿನ ವಿಷಯವೆಂದು ಹೇಳಿ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯು, ಇತರರೊಂದಿಗೆ ಸಮಾನವಾಗಿ ಕ್ರೀಡೆಯಲ್ಲಿ ಭಾಗವಹಿಸುವ ಅವಕಾಶವನ್ನು ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಶಿಕ್ಷಣ ಇಲಾಖೆಯೂ 2013ರ ಜನವರಿಯಲ್ಲಿ ಶಾಲೆಗಳಿಗೆ ಪತ್ರ ಬರೆದು, ಕ್ರೀಡೆಯಲ್ಲಿ ವಿಕಲಚೇತನರಿಗೆ ಸಮಾನ ಅವಕಾಶ ನೀಡುವುದು ಕಾನೂನಿನ ಹೊಣೆಯೆಂದು ನೆನಪಿಸಿತ್ತು. ಆದರೆ ಅವರಿಂದ ಮೊದಲು ಕೇಳಬೇಕಾದದ್ದು ಹಣವನ್ನಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಖಾಯಂ ಅವಧಿ ಮತ್ತು ಒಳಾಂಗಣದ ಬೀಗದ ಕೈ. ಗೆಜ್ಜೆಚೆಂಡು ಒಂದು, ಕಣ್ಣುಪಟ್ಟಿ ಆರು, ಟೇಪ್ ಮತ್ತು ದಾರ ಇದ್ದರೆ ಮುಂದಿನ ವಾರವೇ ಗೋಲ್‌ಬಾಲ್ ಆರಂಭಿಸಬಹುದು.