ಯೀಸ್ಟ್ ಇಲ್ಲದ ಐರಿಶ್ ಸೋಡಾ ಬ್ರೆಡ್: ಚಪಾತಿ ಹಿಟ್ಟಿನಲ್ಲಿ ಆಗುತ್ತದೆಯೇ?

ಲಿಮೆರಿಕ್ ಹುಡುಗ:
ಎಲ್ಲರಿಗೂ ನಮಸ್ಕಾರ. ಓದಲು ಐರ್ಲೆಂಡಿಗೆ ಬಂದಿದ್ದೇನೆ. ನಾಲ್ವರು ಹುಡುಗರು ಒಂದು ಮನೆಯಲ್ಲಿದ್ದೇವೆ. ಬೆಳಗಿನ ತಿಂಡಿಗೂ ಬ್ರೆಡ್, ಮಧ್ಯಾಹ್ನದ ಡಬ್ಬಿಗೂ ಬ್ರೆಡ್. ಅಗ್ಗದ ಬಿಳಿ ಬ್ರೆಡ್ ತಿಂದರೆ ಹನ್ನೊಂದು ಗಂಟೆಗೇ ಹಸಿವು. ಒಳ್ಳೆಯದನ್ನು ಕೊಳ್ಳಲು ಕೈ ಬರುವುದಿಲ್ಲ. ತಮ್ಮ ಅಜ್ಜಿ ನಾಲ್ಕೇ ಸಾಮಾನಿನಲ್ಲಿ ಸೋಡಾ ಬ್ರೆಡ್ ಮಾಡುತ್ತಿದ್ದರು ಎಂದು ಮನೆಯ ಒಡತಿ ಹೇಳಿದರು. ನಮ್ಮಲ್ಲಿ ದೊಡ್ಡ ಚೀಲ ಚಪಾತಿ ಹಿಟ್ಟು ಇದೆ. ಅದು ಆಗುತ್ತದೆಯೇ? ಮಜ್ಜಿಗೆಯ ಬದಲು ಮೊಸರು ನಡೆಯುತ್ತದೆಯೇ? ಎಷ್ಟು ಹೊತ್ತು ನಾದಬೇಕು?

ಕಾರ್ಕ್ ನರ್ಸಮ್ಮ:
ನಾದಲೇಬೇಡ ತಮ್ಮಾ. ಮೊದಲು ಇದನ್ನೇ ಹೇಳುತ್ತೇನೆ, ಯಾಕೆಂದರೆ ಚಪಾತಿ ಕಲಸಿ ಪಳಗಿದ ಕೈ ಸುಮ್ಮನಿರುವುದಿಲ್ಲ.

ಇದು ಇಲ್ಲದವರ ಬ್ರೆಡ್. ಇಲ್ಲಿನ ಮಳೆಯಲ್ಲಿ ಬೆಳೆಯುವ ಗೋಧಿ ಮೃದು, ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಅಂಶ, ಕಡಿಮೆ. ಯೀಸ್ಟ್ ಹಾಕಿ ಎತ್ತರಕ್ಕೆ ಉಬ್ಬಿಸಲು ಅದು ಒಗ್ಗುವುದಿಲ್ಲ. 1830ರ ದಶಕದ ನಂತರ ಅಡುಗೆ ಸೋಡಾ ಹಳ್ಳಿಗಳಿಗೂ ಬಂತು. ಬೆಣ್ಣೆ ಮಾರಿ ಗೇಣಿ ಕಟ್ಟುತ್ತಿದ್ದ ಮನೆಗಳಲ್ಲಿ ಉಳಿಯುತ್ತಿದ್ದದ್ದು ಹುಳಿ ಮಜ್ಜಿಗೆ. ಆ ಹುಳಿಗೆ ಸೋಡಾ ಸೇರಿದರೆ ಗಾಳಿಗುಳ್ಳೆ ಏಳುತ್ತದೆ, ಹಿಟ್ಟು ಉಬ್ಬುತ್ತದೆ. ಕಲಸಿದ ಕ್ಷಣದಿಂದಲೇ ಗಾಳಿ ಹೊರಡಲು ಶುರುವಾಗುವುದರಿಂದ ತಡಮಾಡುವಂತಿಲ್ಲ.

450 ಗ್ರಾಂ ಹಿಟ್ಟು, ಒಂದು ಟೀ ಚಮಚ ಸೋಡಾ, ಒಂದು ಟೀ ಚಮಚ ಉಪ್ಪು, 350ರಿಂದ 400 ಮಿಲಿ ಮಜ್ಜಿಗೆ. ಹಿಟ್ಟಿನಲ್ಲಿ ಅರ್ಧ ನಿನ್ನ ಚಪಾತಿ ಹಿಟ್ಟು, ಇನ್ನರ್ಧ ಇಲ್ಲಿನ ಕ್ರೀಮ್ ಫ್ಲೋರ್, ಅಂದರೆ ನಮ್ಮ ಮೈದಾದಂಥದ್ದು. ಬರೀ ಚಪಾತಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಬ್ರೆಡ್ ಗಟ್ಟಿಯಾಗುತ್ತದೆ. ಸೆಲ್ಫ್ ರೈಸಿಂಗ್ ಎಂದು ಬರೆದ ಪೊಟ್ಟಣ ತರಬೇಡ, ಅದರಲ್ಲಿ ಉಬ್ಬಿಸುವ ಪುಡಿ ಮೊದಲೇ ಇರುತ್ತದೆ. ಮಜ್ಜಿಗೆಗೆ ದುಡ್ಡು ಕೊಡಬೇಕಾಗಿಲ್ಲ. ಚೆನ್ನಾಗಿ ಹುಳಿಯಾದ ಮೊಸರು ಎರಡು ಪಾಲು, ನೀರು ಒಂದು ಪಾಲು, ಕಡೆದರೆ ಮುಗಿಯಿತು.

ಸೋಡಾವನ್ನು ಅಂಗೈಯಲ್ಲಿ ಉಜ್ಜಿ ಪುಡಿಮಾಡಿಯೇ ಹಿಟ್ಟಿಗೆ ಉದುರಿಸು. ಗಂಟು ಉಳಿದರೆ ಬೆಂದ ಬ್ರೆಡ್ಡಿನಲ್ಲಿ ಹಳದಿ ಚುಕ್ಕೆ ಕಾಣುತ್ತದೆ, ಆ ತುತ್ತು ಬಾಯಿಗೆ ಇಡಲಾಗದು. ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿ, ಬೆರಳುಗಳನ್ನು ಅಗಲಿಸಿ ಬಿಗಿಹಿಡಿದು ಬೋಗುಣಿಯ ಅಂಚಿನ ಕಡೆಗೆ ಸುತ್ತಿಸು. ಒಣಹಿಟ್ಟು ಕಾಣದಂತಾದರೆ ಕೈ ತೆಗೆ. ಹಿಟ್ಟು ಬೆರಳಿಗೆ ಅಂಟಬೇಕು. ಅಂಟದಿದ್ದರೆ ಮಜ್ಜಿಗೆ ಸಾಲದು ಎಂದರ್ಥ. ಎರಡಂಗುಲ ದಪ್ಪಕ್ಕೆ ದುಂಡಗೆ ತಟ್ಟಿ, ಮೇಲೆ ಚಾಕುವಿನಿಂದ ಆಳವಾಗಿ ಅಡ್ಡ-ಉದ್ದ ಗೀರು. ಒಳಗಿರುವ ಫೇರಿಗಳು, ಅಂದರೆ ಇಲ್ಲಿನ ಕಥೆಗಳಲ್ಲಿ ಬರುವ ನಮ್ಮ ಮೋಹಿನಿಯರಂಥವರು, ಹೊರಗೆ ಹೋಗಲಿ ಎಂದು ಹಾಗೆ ಗೀರುತ್ತಾರಂತೆ. ಹೋಗಲಿ ಪಾಪ, ಆದರೆ ನಡುಭಾಗಕ್ಕೆ ಕಾವು ತಲುಪುವುದೂ ಅದರಿಂದಲೇ. 230 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ ಅರ್ಧ ಗಂಟೆ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಒಂದೇ ಬ್ರೆಡ್ಡಿಗಾಗಿ ಓವನ್ ಹಚ್ಚಬೇಡ. ಎರಡು ಮಾಡು, ಇಲ್ಲವೇ ಪಕ್ಕದಲ್ಲಿ ಆಲೂಗಡ್ಡೆ ಇಡು. ಹಿಟ್ಟಿನಲ್ಲಿ ಉಳಿಸಿದ್ದನ್ನು ಕರೆಂಟಿಗೆ ಕಟ್ಟಿದರೆ ಏನು ಬಂತು?

ಪುತ್ತೂರಿನ ಕಾವಲಿ:
ಓವನ್ ಇಲ್ಲದ ನಮ್ಮಂಥವರಿಗೂ ದಾರಿ ಇದೆ. ಉತ್ತರ ಐರ್ಲೆಂಡಿನಲ್ಲಿ ಇದೇ ಹಿಟ್ಟನ್ನು ಅರ್ಧ ಅಂಗುಲ ದಪ್ಪ ತಟ್ಟಿ, ನಾಲ್ಕು ತುಂಡು ಮಾಡಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಆ ತುಂಡಿಗೆ ಫಾರ್ಲ್ ಎಂದು ಹೆಸರು. ನಾನು ದೋಸೆಯ ಕಬ್ಬಿಣದ ಕಾವಲಿಗೆ ಎಣ್ಣೆ ಹಾಕದೆ ಒಣಹಿಟ್ಟು ಉದುರಿಸಿ, ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲು ಏಳೆಂಟು ನಿಮಿಷ ಬೇಯಿಸುತ್ತೇನೆ. ಕೊನೆಗೆ ತುಂಡುಗಳನ್ನು ನಿಲ್ಲಿಸಿ ಅಂಚುಗಳಿಗೂ ಕಾವು ಕೊಡಬೇಕು, ಇಲ್ಲದಿದ್ದರೆ ಅಲ್ಲಿ ಹಸಿ ಉಳಿಯುತ್ತದೆ. ಐರ್ಲೆಂಡಿನ ಹಳೆಯ ಮನೆಗಳಲ್ಲಿ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹರಡಿ ಬ್ರೆಡ್ ಬೇಯಿಸುತ್ತಿದ್ದರಂತಲ್ಲ, ನಮ್ಮ ತುಳುನಾಡಿನ ಕೆಂಡದಡ್ಯ ಎಂಬ ತಿಂಡಿಯೂ ಮೇಲೆ ಕೆಳಗೆ ಕೆಂಡದಲ್ಲೇ ಬೇಯುವುದು.

ಹಾಸನದ ಬೇಕರಿಯವನು:
ಕ್ಷಮಿಸಿ, ಇದನ್ನು ಬ್ರೆಡ್ ಎನ್ನಲು ನನಗೆ ಮನಸ್ಸಿಲ್ಲ. ಕಡಬಿಗೂ ಕೇಕಿಗೂ ನಡುವಿನದು. ಸೋಡಾ ವಾಸನೆ ಬೇರೆ. ಯೀಸ್ಟ್ ಏನು ಬಂಗಾರವೇ?

ಕಾರ್ಕ್ ನರ್ಸಮ್ಮ:
ಯೀಸ್ಟ್ ದುಬಾರಿ ಎಂದು ಯಾರೂ ಹೇಳಲಿಲ್ಲ ಸ್ವಾಮಿ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಹಿಟ್ಟು ಉಬ್ಬುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ವಾಸನೆ ಬರುವುದು ಸೋಡಾ ಹೆಚ್ಚಾದಾಗ ಅಥವಾ ಮೊಸರು ಸಿಹಿಯಿದ್ದಾಗ. ನಿಮ್ಮ ಮೃದುವಾದ ಬ್ರೆಡ್ಡಿನ ಜೊತೆ ಇದನ್ನು ಪೈಪೋಟಿಗೆ ಇಳಿಸಬೇಡಿ, ಇದು ಸಾರಿನಲ್ಲಿ ಅದ್ದಿ ತಿನ್ನುವಂಥದ್ದು. ಬೇಳೆಸಾರಿಗೆ ಬಹಳ ಚೆನ್ನ.

ಲಿಮೆರಿಕ್ ಹುಡುಗ:
ತುಂಬಾ ಧನ್ಯವಾದ ಅಕ್ಕಾ. ಒಣದ್ರಾಕ್ಷಿ, ಸಕ್ಕರೆ, ಮೊಟ್ಟೆ ಹಾಕಿದ್ದನ್ನೂ ವಿಡಿಯೋಗಳಲ್ಲಿ ನೋಡಿದೆ. ಬೇಕೇ? ಮತ್ತೆ ಎಷ್ಟು ದಿನ ಇಡಬಹುದು?

ಕಾರ್ಕ್ ನರ್ಸಮ್ಮ:
ದಿನನಿತ್ಯಕ್ಕೆ ಬೇಡ. ದ್ರಾಕ್ಷಿ ಹಾಕಿದ್ದು ನೆಂಟರು ಬಂದಾಗ. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸುತ್ತಿಡು, ಮೇಲ್ಪದರ ಮೆತ್ತಗಿರುತ್ತದೆ. ಮೊದಲ ದಿನ ಹಾಗೇ ತಿನ್ನಿ, ಮರುದಿನ ಸುಟ್ಟು ತಿನ್ನಿ. ಮೂರನೆಯ ದಿನಕ್ಕೆ ಒಣಗಿರುತ್ತದೆ, ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿ. ನಾಲ್ವರು ಹುಡುಗರಿರುವ ಮನೆಯಲ್ಲಿ ಅಲ್ಲಿಯವರೆಗೆ ಉಳಿದರೆ ನನಗೆ ತಿಳಿಸು.